ಅಪ್ಪನ ಅಮೆರಿಕ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮಾರ್ಚ್‌ನಲ್ಲಿ, ಈಗ ಊರಲ್ಲಿ ಕಾಫಿ ಕೊಯ್ಲು. ಆರ್ಮಿ ಸರ್ವಿಸ್, ಪಹಣಿ ವಿಷಯ ಗೊತ್ತಿರೋರು ದಯವಿಟ್ಟು ಹೇಳಿ

ಮಲ್ಲಳ್ಳಿ_ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ತಾಲ್ಲೂಕು, ಶನಿವಾರಸಂತೆ ಕಡೆ. ಅಪ್ಪ ಆರ್ಮಿಯಲ್ಲಿ ಸುಬೇದಾರ್ ಆಗಿ ರಿಟೈರ್ ಆದವರು, ಈಗ 67 ವರ್ಷ. ಅಕ್ಕ ನ್ಯೂಜೆರ್ಸಿಯಲ್ಲಿ ಇದ್ದಾಳೆ, ಅವಳು ಅಲ್ಲಿಯ ಸಿಟಿಜನ್, ಅಪ್ಪ ಅಮ್ಮ ಇಬ್ಬರಿಗೂ ಅವಳೇ ಗ್ರೀನ್ ಕಾರ್ಡ್ ಮಾಡಿಸಿದ್ದು. ಐದು ವರ್ಷ ಮುಗೀತು ಅಂತ ಹೋದ ನವೆಂಬರ್‌ನಲ್ಲಿ ಅಪ್ಪಂದು ಎನ್-400 (ಪೌರತ್ವ ಕೇಳೋ ಫಾರಂ) ಅರ್ಜಿ ಆನ್‌ಲೈನಲ್ಲಿ ಹಾಕಿದ್ಲು, ಅಮ್ಮಂದು ಆಮೇಲೆ ನೋಡೋಣ ಅಂತ ಬಿಟ್ಟಿದ್ದಾರೆ. ಅಪ್ಪ ಪ್ರತಿ ವರ್ಷದ ಹಾಗೆ ಕೊಯ್ಲಿಗೆ ಅಂತ ಡಿಸೆಂಬರ್‌ನಲ್ಲಿ ಊರಿಗೆ ಬಂದ್ರು, ಬಂದ ಮೇಲೆ ಇಂಟರ್‌ವ್ಯೂ ನೋಟಿಸ್ ಬಂದಿದೆ, ಮಾರ್ಚ್‌ನಲ್ಲಿ ಹಾಜರಾಗಬೇಕಂತೆ.

ಈಗ ಅರೇಬಿಕಾ ಮುಗಿದು ರೊಬಸ್ಟಾ ನಡೀತಿದೆ. ಹಗಲು ಪೂರ್ತಿ ಆಳುಗಳ ಹಿಂದೆ, ಸಂಜೆ ತೂಕ ಹಾಕಿ ಲೆಕ್ಕ ಬರೆದು ಆದಮೇಲೆ ಕಣದ ಹತ್ರಾನೇ ಕುರ್ಚಿ ಹಾಕ್ಕೊಂಡು ಕೂತ್ಕೊತಾರೆ, ನಾನು ಮೊಬೈಲ್ ಹಿಡ್ಕೊಂಡು ಇಂಟರ್‌ವ್ಯೂನಲ್ಲಿ ಬರೋ ಅಮೆರಿಕದ ಇತಿಹಾಸ, ಸರ್ಕಾರದ ಪ್ರಶ್ನೆ ಕೇಳ್ತೀನಿ. ಸಂಖ್ಯೆ ಇರೋ ಉತ್ತರ ಎಲ್ಲ ಪಟಪಟ ಬರುತ್ತೆ, ಸೆನೆಟರ್ 100, ಹೌಸ್‌ನಲ್ಲಿ ಮತ ಹಾಕೋರು 435, ತಿದ್ದುಪಡಿ 27, ಸುಪ್ರೀಂ ಕೋರ್ಟ್ ಜಡ್ಜ್ 9. ಕೊರಿಯಾ ಯುದ್ಧಕ್ಕೆ ಅಮೆರಿಕ ಯಾಕೆ ಹೋಯ್ತು ಅನ್ನೋ ಪ್ರಶ್ನೆ ಬಂದಾಗ ಉತ್ತರ ಹೇಳೋದು ಬಿಟ್ಟು ಅರ್ಧ ಗಂಟೆ ಜನರಲ್ ತಿಮ್ಮಯ್ಯನವರ ಬಗ್ಗೆ ಹೇಳಿದ್ರು, ಯುದ್ಧ ನಿಂತ ಮೇಲೆ ಕೈದಿಗಳನ್ನ ವಾಪಸ್ ಕಳಿಸೋ ತಟಸ್ಥ ದೇಶಗಳ ಕಮಿಷನ್‌ಗೆ ನಮ್ಮ ಮಡಿಕೇರಿಯವರೇ ಅಧ್ಯಕ್ಷರಾಗಿದ್ದರು ಅಂತ. ಅದೆಲ್ಲ ಸರಿ, ಆದ್ರೆ ಇಂಗ್ಲಿಷಲ್ಲಿ ಉದ್ದ ವಾಕ್ಯ ಕೇಳಿದ್ರೆ ತಡವರಿಸ್ತಾರೆ. ಓದಿದ್ದು ಕನ್ನಡ ಮೀಡಿಯಂ, ಸರ್ವಿಸ್‌ನಲ್ಲೆಲ್ಲ ಹಿಂದಿ.

ನನ್ನ ಡೌಟ್‌ಗಳು ಇಷ್ಟು. ಮೊದಲನೇದು, 65 ದಾಟಿದವರಿಗೆ ಇಂಗ್ಲಿಷ್ ಬೇಡ, ಬರೀ 20 ಪ್ರಶ್ನೆ ಓದಿಕೊಂಡ್ರೆ ಸಾಕು ಅಂತ ಒಬ್ಬರು ಹೇಳಿದ್ರು, ನಿಜಾನಾ? ಎರಡನೇದು, ಫಾರಂನಲ್ಲಿ ಮಿಲಿಟರಿ ಸೇವೆ, ಆಯುಧ ತರಬೇತಿ ಅಂತೆಲ್ಲ ಕೇಳಿದ್ದಾರೆ, ಅಕ್ಕ ಎಲ್ಲದಕ್ಕೂ ಎಸ್ ಅಂತ ಹಾಕಿದ್ದಾಳೆ, ಇದರಿಂದ ತೊಂದರೆ ಆಗುತ್ತಾ? ಮೂರನೇದು ತೋಟ. ಅಪ್ಪ ಸ್ವಂತವಾಗಿ ತಗೊಂಡಿರೋ ಜಾಗ ಇದೆ, ತಾತನ ಜಾಗಾನೂ ಇದೆ, ತಾತಂದು ಇನ್ನೂ ಅವರ ಹೆಸರಲ್ಲೇ ಪಹಣಿ ಬರ್ತಿದೆ. ದೊಡ್ಡಪ್ಪನಿಗೆ ಮಕ್ಕಳಿಲ್ಲ, ಅವರ ಪಾಲಿನ ಸ್ವಲ್ಪ ಗದ್ದೆ ಅಪ್ಪನಿಗೆ ಬರೆದುಕೊಡ್ತೀನಿ ಅಂತಿದ್ದಾರೆ. ಸಿಟಿಜನ್ ಆಗಿಬಿಟ್ರೆ ಇದೆಲ್ಲ ಏನಾಗುತ್ತೆ?

ಕೊನೇದು ಡೌಟ್ ಅಲ್ಲ, ಆದ್ರೂ ಬರೀತೀನಿ. ಅಪ್ಪನಿಗೆ ಮನಸ್ಸಲ್ಲಿ ಒಂದು ಕೊರಗು ಇದೆ. ಈ ದೇಶಕ್ಕೆ ಕಸಂ ತಗೊಂಡು ಬಂದೂಕು ಹಿಡಿದವನು ಈಗ ಇನ್ನೊಂದು ದೇಶದ ಬಾವುಟದ ಮುಂದೆ ನಿಂತು ಪ್ರಮಾಣ ಮಾಡಬೇಕಾ ಅಂತಾರೆ. ಅಕ್ಕನ ಹತ್ರ ಹೇಳಲ್ಲ, ನನ್ನ ಹತ್ರ ಹೇಳ್ತಾರೆ. ಈ ಥರ ಪರಿಸ್ಥಿತಿ ದಾಟಿ ಬಂದವರು ಯಾರಾದ್ರೂ ಇದ್ರೆ ಬರೀರಿ.

ಬೆಟ್ಟದಳ್ಳಿ_ಬಾಯ್ಸ್:

ಮೇಡಂ ನನಗೆ ಗೊತ್ತಿರೋ ಹಾಗೆ ವಯಸ್ಸಾದವರಿಗೆ ಇಂಗ್ಲಿಷ್ ಇಲ್ಲ, ಕನ್ನಡದಲ್ಲೇ ಉತ್ತರ ಹೇಳಬಹುದು, ನಮ್ಮ ಫ್ರೆಂಡ್ ಅಜ್ಜಿಗೆ ಹಾಗೇ ಆಯ್ತು. ದೊಡ್ಡಪ್ಪನ ಗದ್ದೆ ಮಾತ್ರ ಪ್ರಮಾಣಕ್ಕಿಂತ ಮುಂಚೆ ದಾನಪತ್ರ ಮಾಡಿಸಿಕೊಂಡುಬಿಡಿ, ಆಮೇಲೆ ಆಗಲ್ಲ.

ಕುಶಾಲನಗರ_ಕಾವೇರಿ:

ಮೇಲಿನವರು ಹೇಳಿದ್ದು ಅರ್ಧ ಸರಿ, ಅದಕ್ಕೇ ಬಿಡಿಸಿ ಬರೀತೀನಿ, ಯಾಕಂದ್ರೆ ಇದೊಂದು ತಪ್ಪು ತಿಳುವಳಿಕೆಯಿಂದ ತಯಾರಿ ಇಲ್ಲದೆ ಹೋಗಿ ಒದ್ದಾಡಿದವರನ್ನ ನೋಡಿದ್ದೀನಿ. ಬರೀ ವಯಸ್ಸು ಸಾಕಾಗಲ್ಲ ತಂಗಿ, ವಯಸ್ಸಿನ ಜೊತೆ ಗ್ರೀನ್ ಕಾರ್ಡ್ ತಗೊಂಡು ಎಷ್ಟು ವರ್ಷ ಆಯ್ತು ಅನ್ನೋದೂ ನೋಡ್ತಾರೆ. ಅರ್ಜಿ ಹಾಕೋ ದಿನಕ್ಕೆ 50 ವರ್ಷ ವಯಸ್ಸಾಗಿ ಗ್ರೀನ್ ಕಾರ್ಡ್‌ನಲ್ಲಿ 20 ವರ್ಷ ಇದ್ರೆ, ಇಲ್ಲಾ 55 ಆಗಿ 15 ವರ್ಷ ಇದ್ರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಇಟ್ಕೊಂಡು ಕನ್ನಡದಲ್ಲೇ ಸಿವಿಕ್ಸ್ (ಆ ಇತಿಹಾಸ, ಸರ್ಕಾರದ ಪ್ರಶ್ನೆಗಳು) ಹೇಳಬಹುದು. 65 ಆಗಿ 20 ವರ್ಷ ಇದ್ದವರಿಗೆ ಮಾತ್ರ ಆ 20 ಪ್ರಶ್ನೆಗಳ ಸಣ್ಣ ಪಟ್ಟಿ. ನಿಮ್ಮ ಅಪ್ಪನಿಗೆ ಐದೇ ವರ್ಷ ಆಗಿರೋದ್ರಿಂದ ಯಾವ ವಿನಾಯಿತಿನೂ ಸಿಗಲ್ಲ, ಪೂರ್ತಿ ಇಂಗ್ಲಿಷಲ್ಲೇ. ನೆನಪಿನ ಕಾಯಿಲೆ ಥರದ್ದು ಇದ್ದವರಿಗೆ ಡಾಕ್ಟರ್ ಕೈಲಿ ಎನ್-648 ಅಂತ ಒಂದು ಫಾರಂ ತುಂಬಿಸೋ ದಾರಿ ಇದೆ, ಆದ್ರೆ ಕೊಯ್ಲು ನೋಡ್ಕೊಳ್ಳೋ ಮನುಷ್ಯರಿಗೆ ಅದು ಬೇಕಾಗಿಲ್ಲ.

ಇನ್ನೊಂದು, ಅರ್ಜಿ ಹಾಕಿದ್ದು ನವೆಂಬರ್ 2025 ಅಲ್ವಾ, ಹಾಗಾದ್ರೆ ಹೊಸ ಪರೀಕ್ಷೆ. 2025ರ ಅಕ್ಟೋಬರ್ 20ರಿಂದ ಹಾಕಿದವರಿಗೆಲ್ಲ 128 ಪ್ರಶ್ನೆಗಳ ಪಟ್ಟಿ, ಅದರಲ್ಲಿ 20ರವರೆಗೆ ಕೇಳ್ತಾರೆ, 12 ಸರಿ ಆಗಬೇಕು. 12 ಸರಿ ಆದ ತಕ್ಷಣ ನಿಲ್ಲಿಸ್ತಾರೆ, 9 ತಪ್ಪಾದ್ರೂ ನಿಲ್ಲಿಸ್ತಾರೆ. ಹಳೇದು 100 ಪ್ರಶ್ನೆಯಲ್ಲಿ 10 ಕೇಳಿ 6 ಸರಿ ಆದ್ರೆ ಸಾಕಿತ್ತು, ಯೂಟ್ಯೂಬಲ್ಲಿ ಇರೋ ಅರ್ಧಕ್ಕರ್ಧ ವಿಡಿಯೋ ಇನ್ನೂ ಅದರದ್ದೇ, ಹಾಗಾಗಿ ನೀವು ಯಾವ ಪಟ್ಟಿ ಕೇಳ್ತಿದ್ದೀರ ಅಂತ ಒಂದ್ಸಲ ನೋಡ್ಕೊಳ್ಳಿ. ಕೊರಿಯಾ ಪ್ರಶ್ನೆ ಬಂದಿದೆ ಅಂದ್ರೆ ಹೊಸದೇ ಇರಬೇಕು. ಅದಕ್ಕೆ ಉತ್ತರ ಕಮ್ಯುನಿಸಂ ಹರಡೋದನ್ನ ತಡೆಯೋಕೆ, ಅಷ್ಟೇ ಚುಟುಕಾಗಿ ಹೇಳೋಕೆ ಹೇಳಿ. ಗವರ್ನರ್ ಹೆಸರೂ ಹೊಸದಾಗಿ ಕಲಿಸಿ, ನ್ಯೂಜೆರ್ಸಿಯಲ್ಲಿ 2026ರ ಜನವರಿಯಲ್ಲಿ ಬದಲಾಯ್ತು, ಈಗ ಮಿಕಿ ಶೆರಿಲ್. ಸೆನೆಟರ್ ಕೋರಿ ಬುಕರ್, ಆಂಡಿ ಕಿಮ್, ಇಬ್ಬರಲ್ಲಿ ಒಬ್ಬರ ಹೆಸರು ಹೇಳಿದ್ರೂ ನಡೆಯುತ್ತೆ. ರಾಜಧಾನಿ ಟ್ರೆಂಟನ್. ಇಂಥ ಬದಲಾಗೋ ಉತ್ತರಗಳನ್ನ ಇಂಟರ್‌ವ್ಯೂ ಹಿಂದಿನ ದಿನ ಮತ್ತೆ ಚೆಕ್ ಮಾಡಬೇಕು.

ಸಿವಿಕ್ಸ್ ನಿಮ್ಮ ಅಪ್ಪ ಪಾಸ್ ಮಾಡ್ತಾರೆ, ನನಗೆ ಅನುಮಾನ ಇಲ್ಲ. ಕಷ್ಟ ಇರೋದು ಬೇರೆ ಕಡೆ. ನಮ್ಮ ಅತ್ತೆಯನ್ನ ನಾನೇ ಕರ್ಕೊಂಡು ಹೋಗಿದ್ದೆ, ಅವರೂ ಹೊಸ ಪರೀಕ್ಷೆ ಬರೆದವರು. ಒಳಗೆ ಕುಟುಂಬದವರನ್ನ ಬಿಡಲ್ಲ, ಆಚೆ ಬಂದ ಮೇಲೆ ಅವರು ಹೇಳಿದ್ದು ಇದು. ಆಫೀಸರ್ ಬಾಗಿಲ ಹತ್ರ ನಿಂತು ಹೆಸರು ಕೂಗಿದ್ದೇ ಅರ್ಥ ಆಗಲಿಲ್ಲವಂತೆ, ಎರಡನೇ ಸಲ ಕೂಗಿದಾಗ ಎದ್ದಿದ್ದಾರೆ. ಕಾರಿಡಾರಲ್ಲಿ ನಡೀತಾ ನಡೀತಾನೇ ಹೇಗಿದ್ದೀರಿ, ಹೇಗೆ ಬಂದ್ರಿ, ಆಚೆ ಚಳಿ ಇದೆಯಾ ಅಂತ ಮಾತಾಡಿಸ್ತಾರೆ, ಅದು ಸುಮ್ನೆ ಕುಶಲೋಪರಿ ಅಂದ್ಕೋಬೇಡಿ, ಇಂಗ್ಲಿಷ್ ಮಾತಾಡೋಕೆ ಬರುತ್ತಾ ಅಂತ ನೋಡೋದು ಅಲ್ಲಿಂದಲೇ. ರೂಮಿಗೆ ಹೋಗಿ ಕೂರೋ ಮುಂಚೆ ಬಲಗೈ ಎತ್ತಿ ನಿಜಾನೇ ಹೇಳ್ತೀನಿ ಅಂತ ಪ್ರಮಾಣ. ಆಮೇಲೆ ಟ್ಯಾಬ್ಲೆಟ್ ಮೇಲೆ ಒಂದು ವಾಕ್ಯ ತೋರಿಸಿ ಓದಿ ಅಂತಾರೆ, ಒಂದು ವಾಕ್ಯ ಅವರು ಹೇಳಿ ಬರೀರಿ ಅಂತಾರೆ, ಮೂರು ಚಾನ್ಸ್‌ನಲ್ಲಿ ಒಂದು ಸರಿ ಆದ್ರೆ ಸಾಕು. ಸಿಟಿಜನ್ಸ್ ಕ್ಯಾನ್ ವೋಟ್ ಅನ್ನೋ ಥರ ಸಣ್ಣ ವಾಕ್ಯಗಳೇ, ಅದಕ್ಕೆ ಬೇಕಾದ ಪದಗಳ ಪಟ್ಟಿ ಅಮೆರಿಕದ ವಲಸೆ ಇಲಾಖೆ (ಯುಎಸ್‌ಸಿಐಎಸ್) ವೆಬ್‌ಸೈಟಲ್ಲೇ ಇದೆ. ಸ್ಪೆಲ್ಲಿಂಗ್ ಸ್ವಲ್ಪ ತಪ್ಪಿದ್ರೂ ಅರ್ಥ ಗೊತ್ತಾದ್ರೆ ಬಿಡ್ತಾರೆ. ಅತ್ತೆಗೆ ಕಷ್ಟ ಆಗಿದ್ದು ಗಾಜಿನ ಮೇಲೆ ಆ ಕಡ್ಡಿ ಜಾರೋದು, ಪೇಪರ್ ಮೇಲೆ ಬರೆದ ಹಾಗೆ ನಿಲ್ಲಲ್ಲ, ಬರೆದ ಅಕ್ಷರ ದೊಡ್ಡದಾಗಿ ಸೊಟ್ಟಗೆ ಬರುತ್ತೆ, ಅಲ್ಲೇ ಗಾಬರಿ ಆಗಿದ್ದಾರೆ. ನೂರು ಇನ್ನೂರು ರೂಪಾಯಿಗೆ ಸ್ಟೈಲಸ್ ಸಿಗುತ್ತೆ, ಒಂದು ತರಿಸಿ ಮೊಬೈಲ್ ಮೇಲೆ ದಿನಾ ಬರೆಸಿ.

ಇದೆಲ್ಲ ಮುಗಿದ ಮೇಲೆ ಎನ್-400 ಫಾರಂ ಇಟ್ಕೊಂಡು ಒಂದೊಂದೇ ಪ್ರಶ್ನೆ ಕೇಳ್ತಾ ಹೋಗ್ತಾರೆ. ಇಲ್ಲೇ ನಮ್ಮ ಹಿರಿಯರು ಸಿಕ್ಕಿಹಾಕಿಕೊಳ್ಳೋದು, ಯಾಕಂದ್ರೆ ಫಾರಂ ತುಂಬಿದ್ದು ಮಕ್ಕಳು, ಅದರಲ್ಲಿ ಏನಿದೆ ಅಂತ ಅವರಿಗೇ ಗೊತ್ತಿರಲ್ಲ, ಆಫೀಸರ್ ಕೇಳಿದ್ದಕ್ಕೆಲ್ಲ ನೋ ನೋ ಅಂತ ತಲೆ ಆಡಿಸ್ತಾ ಹೋಗ್ತಾರೆ. ನಡುವೆ ಒಂದು ಪದ ಹಿಡಿದು ಇದಕ್ಕೆ ಅರ್ಥ ಏನು ಅಂತ ಕೇಳಿಬಿಡಬಹುದು. ಅರ್ಥ ಆಗದಿದ್ರೆ ಪ್ಲೀಸ್ ರಿಪೀಟ್, ಸಿಂಪಲ್ ವರ್ಡ್ಸ್‌ನಲ್ಲಿ ಹೇಳಿ ಅಂತ ಧೈರ್ಯವಾಗಿ ಕೇಳಬಹುದು, ಅದು ತಪ್ಪಲ್ಲ, ಬೇರೆ ಮಾತಲ್ಲಿ ಮತ್ತೆ ಕೇಳ್ತಾರೆ. ಅಕ್ಕನಿಗೆ ಹೇಳಿ ತುಂಬಿದ ಫಾರಂ ಪಿಡಿಎಫ್ ಕಳಿಸಿಕೊಳ್ಳಿ, 128 ಪ್ರಶ್ನೆಗೆ ಕೊಡೋ ಟೈಮಲ್ಲಿ ಅರ್ಧ ಟೈಮ್ ಅದಕ್ಕೆ ಕೊಡಿ, ಪ್ರತಿ ಸಾಲೂ ಕನ್ನಡದಲ್ಲಿ ಏನು ಅಂತ ಮೊದಲು ಕೂತು ಮಾತಾಡಿ, ಆಮೇಲೆ ಇಂಗ್ಲಿಷಲ್ಲಿ ನೀವು ಆಫೀಸರ್ ಥರ ಕೇಳಿ. ಒಂದು ಭಾಗದಲ್ಲಿ ಫೇಲ್ ಆದ್ರೂ 60ರಿಂದ 90 ದಿನದೊಳಗೆ ಆ ಭಾಗಕ್ಕೆ ಮಾತ್ರ ಇನ್ನೊಂದು ಅವಕಾಶ ಕೊಡ್ತಾರೆ, ಇದನ್ನ ಅಪ್ಪನಿಗೆ ಮೊದಲೇ ಹೇಳಿಡಿ, ಅರ್ಧ ಭಯ ಹೋಗುತ್ತೆ.

ಮತ್ತೆ ಮರೀಬೇಡಿ, ಅರ್ಜಿ ಹಾಕಿದ ಮೇಲೆ ಈ ಕೊಯ್ಲಿಗೆ ಬಂದಿದ್ದಾರಲ್ಲ, ಆ ಪ್ರಯಾಣ ಫಾರಂನಲ್ಲಿ ಇರಲ್ಲ. ಇಂಟರ್‌ವ್ಯೂನಲ್ಲಿ ಅವರಾಗೇ ಹೇಳಬೇಕು, ಹೋದ ತಾರೀಕು ಬಂದ ತಾರೀಕು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಹಳೇ ಪಾಸ್‌ಪೋರ್ಟ್‌ಗಳೂ ಜೊತೆಗಿರಲಿ.

ಮಲ್ಲಳ್ಳಿ_ಮಳೆ:

ಅಕ್ಕಾ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪಿಡಿಎಫ್ ಈಗಲೇ ತರಿಸಿಕೊಂಡೆ. ಪ್ರತಿ ವರ್ಷ ಬರೋದು ತೊಂದರೆ ಆಗುತ್ತಾ ಅನ್ನೋದೂ ಕೇಳಬೇಕಿತ್ತು. ಕೊಯ್ಲು ಮುಗಿಸಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ನೋಡ್ಕೊಂಡು ಹೋಗ್ತಾರೆ, ಒಂದು ಸಲಾನೂ ಆರು ತಿಂಗಳು ದಾಟಿಲ್ಲ.

ಕುಶಾಲನಗರ_ಕಾವೇರಿ:

ಒಂದು ಪ್ರಯಾಣ ಆರು ತಿಂಗಳು ದಾಟಿದ್ರೆ ಸತತ ವಾಸ ತಪ್ಪಿತು ಅಂತ ಅವರು ಅಂದ್ಕೊತಾರೆ, ಇಲ್ಲ ಅಂತ ನಾವು ದಾಖಲೆ ಕೊಟ್ಟು ತೋರಿಸಬೇಕಾಗುತ್ತೆ. ನಿಮಗೆ ಅದಿಲ್ಲ. ಒಟ್ಟು ಲೆಕ್ಕದಲ್ಲಿ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದಲ್ಲಿ ಇದ್ದಿರಬೇಕು, ಕೊಯ್ಲಿಗೆ ಬಂದು ಹೋಗೋರಿಗೆ ಅದು ಸರಿಹೋಗುತ್ತೆ. ಆದ್ರೆ ಈ ವರ್ಷ ಹೂಮಳೆಗೆ ಅಂತ ಕಾಯಬೇಡಿ, ಫೆಬ್ರವರಿ ಕೊನೆಗೇ ಹೊರಡಲಿ. ಹೇಳದೆ ಕೇಳದೆ ಇಂಟರ್‌ವ್ಯೂಗೆ ಗೈರಾದ್ರೆ ಫೈಲ್ ಕ್ಲೋಸ್ ಮಾಡಿಬಿಡ್ತಾರೆ.

ಪೊನ್ನಂಪೇಟೆ_ಫೌಜಿ:

ಮಗಳೇ, ನಾನೂ ಫೌಜಿನವನೇ. ಮಗ ಟೆಕ್ಸಾಸ್‌ನಲ್ಲಿ ಇದ್ದಾನೆ, ನನ್ನ ಇಂಟರ್‌ವ್ಯೂ ಹಳೇ ಪರೀಕ್ಷೆ ಇದ್ದಾಗಲೇ ಮುಗೀತು. ನಿಮ್ಮಪ್ಪನ ಎರಡನೇ ಪ್ರಶ್ನೆಗೂ ಆ ಕೊನೇ ಮಾತಿಗೂ ನಾನು ಬರೆಯಲೇಬೇಕು ಅನ್ನಿಸಿತು.

ಅಕ್ಕ ಎಸ್ ಹಾಕಿದ್ದು ನೂರಕ್ಕೆ ನೂರು ಸರಿ. ಫಾರಂನಲ್ಲಿ ಎರಡು ಮೂರು ಕಡೆ ಕೇಳ್ತಾರೆ, ಮಿಲಿಟರಿ ಇಲ್ಲಾ ಪೊಲೀಸ್ ಘಟಕದಲ್ಲಿ ಇದ್ರಾ, ಆಯುಧ ತರಬೇತಿ ಆಗಿದೆಯಾ, ಆಯುಧ ಬಳಸಿದ ಗುಂಪಲ್ಲಿ ಇದ್ರಾ ಅಂತ. ದೇಶದ ಸೈನ್ಯದಲ್ಲಿ ಕೆಲಸ ಮಾಡಿದವನಿಗೆ ಎಲ್ಲದಕ್ಕೂ ಉತ್ತರ ಹೌದು. ಹೌದು ಅಂದ ಮಾತ್ರಕ್ಕೆ ಅರ್ಜಿ ತಿರಸ್ಕಾರ ಆಗಲ್ಲ. ಅವರು ಹುಡುಕೋದು ನಾಗರಿಕರ ಮೇಲೆ ದೌರ್ಜನ್ಯ ಮಾಡಿದವರು, ಕೈದಿಗಳನ್ನ ಹಿಂಸೆ ಮಾಡಿದವರು ಯಾರಾದ್ರೂ ಮುಚ್ಚಿಟ್ಟುಕೊಂಡು ಒಳಗೆ ಬರ್ತಿದ್ದಾರಾ ಅಂತ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದ್ರೆ ಅದು ಸುಳ್ಳು ಹೇಳಿದ ಹಾಗೆ, ಸೇವೆ ಮಾಡಿದ್ದಕ್ಕಿಂತ ಆ ಸುಳ್ಳೇ ದೊಡ್ಡ ಕಂಟಕ. ನನ್ನನ್ನ ಯಾವ ವರ್ಷದಿಂದ ಯಾವ ವರ್ಷ, ಯಾವ ರ‍್ಯಾಂಕ್, ಏನು ಕೆಲಸ, ಯುದ್ಧದಲ್ಲಿ ಇದ್ರಾ, ಕೈದಿಗಳನ್ನ ಕಾಯೋ ಕೆಲಸ ಮಾಡಿದ್ರಾ ಅಂತ ಕೇಳಿದ್ರು, ಎಲ್ಲ ನೇರವಾಗಿ ಹೇಳಿದೆ. ಡಿಸ್ಚಾರ್ಜ್ ಬುಕ್ ಮತ್ತೆ ಅದರ ಜೆರಾಕ್ಸ್ ತಗೊಂಡು ಹೋಗಿದ್ದೆ. ನಿಮ್ಮಪ್ಪನಿಗೆ ಇಂಗ್ಲಿಷಲ್ಲಿ ನಾಲ್ಕು ವಾಕ್ಯ ಚೆನ್ನಾಗಿ ಕಲಿಸಿ: ಇಂಥ ವರ್ಷದಿಂದ ಇಂಥ ವರ್ಷದವರೆಗೆ ಭಾರತೀಯ ಸೇನೆಯಲ್ಲಿದ್ದೆ, ಸುಬೇದಾರ್ ಆಗಿ ನಿವೃತ್ತನಾದೆ, ನನ್ನ ಕೆಲಸ ಇಂಥದ್ದು, ಗೌರವದಿಂದ ಬಿಡುಗಡೆ ಆಯ್ತು. ನಡುವೆ ರೆಜಿಮೆಂಟ್ ಮಾತು, ನಮ್ಮ ಶಾರ್ಟ್‌ಫಾರಂಗಳು ಬೇಡ, ಅವರಿಗೆ ಅರ್ಥ ಆಗಲ್ಲ.

ಇಲ್ಲಿ ಕೊಡಗಿನವರು ಇನ್ನೊಂದು ಕೇಳ್ತಾರೆ, ಮನೆಯಲ್ಲಿ ಕೋವಿ ಇದೆಯಲ್ಲ, ಕೈಲ್ ಮುಹೂರ್ತಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತೀವಲ್ಲ ಅಂತ. ಫಾರಂ ಕೇಳೋದು ತರಬೇತಿ ಮತ್ತೆ ಗುಂಪಿನ ಬಗ್ಗೆ, ಹಬ್ಬದ ಬಗ್ಗೆ ಅಲ್ಲ. ಕೇಳಿದ್ದಕ್ಕೆ ಪೂರ್ತಿ ಉತ್ತರ, ಕೇಳದೇ ಇದ್ದದ್ದಕ್ಕೆ ಭಾಷಣ ಬೇಡ. ಎನ್‌ಸಿಸಿ ಮಾಡಿದ ಮಕ್ಕಳು ಮಾತ್ರ ಗಮನಿಸಿ, ರೈಫಲ್ ಹಿಡಿದು ಕಲಿತಿದ್ರೆ ತರಬೇತಿ ಪ್ರಶ್ನೆಗೆ ಎಸ್ ಹಾಕಿ ವಿವರ ಬರೆಯೋದು ಒಳ್ಳೇದು.

ಇನ್ನು ಆ ಪ್ರಮಾಣ. ಅದರಲ್ಲಿ ಬೇರೆ ದೇಶದ ನಿಷ್ಠೆ ಪೂರ್ತಿ ಬಿಡ್ತೀನಿ ಅನ್ನೋ ಸಾಲಿದೆ, ಕಾನೂನು ಕೇಳಿದಾಗ ಅಮೆರಿಕದ ಪರವಾಗಿ ಆಯುಧ ಹಿಡೀತೀನಿ ಅನ್ನೋ ಸಾಲೂ ಇದೆ. ನನಗೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಕಸಂ ಪರೇಡ್‌ನಲ್ಲಿ ನಿಂತು ಹೇಳಿದ ಮಾತು ಸೈನಿಕನಿಗೆ ಸಣ್ಣದಲ್ಲ, ಮಕ್ಕಳಿಗೆ ಇದು ಬೇಗ ಅರ್ಥ ಆಗಲ್ಲ, ಅವರ ತಪ್ಪೂ ಅಲ್ಲ. ನಾನು ಕೊನೆಗೆ ನನ್ನನ್ನೇ ಕೇಳಿಕೊಂಡದ್ದು ಒಂದೇ ಪ್ರಶ್ನೆ, ಇನ್ನು ಮುಂದಿನ ದಿನ ಎಲ್ಲಿ ಕಳೀತೀನಿ? ಹೆಂಡತಿ, ಮಗ, ಮೊಮ್ಮಕ್ಕಳು ಎಲ್ಲ ಅಲ್ಲೇ, ಕಾಯಿಲೆ ಬಿದ್ದರೆ ನೋಡೋರು ಅಲ್ಲೇ. ನನ್ನ ಸೇವೆ ಮುಗಿದಿದೆ, ಈ ದೇಶ ನನ್ನನ್ನ ಗೌರವದಿಂದ ಬಿಟ್ಟುಕೊಟ್ಟಿದೆ, ಉಳಿದ ಆಯುಷ್ಯ ಇರೋ ನೆಲಕ್ಕೆ ನಿಯತ್ತಾಗಿ ಇರ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕೈ ಎತ್ತಿದೆ. ನಿಮ್ಮಪ್ಪನ ಉತ್ತರ ಬೇರೆ ಇರಬಹುದು. ಅವರಿಗೆ ನಿಜವಾಗಲೂ ಇರಬೇಕು ಅನ್ನಿಸೋದು ಶನಿವಾರಸಂತೆಯಲ್ಲೇ ಆದ್ರೆ ಪೌರತ್ವ ತಗೋಬೇಕು ಅಂತ ಯಾವ ಬಲವಂತವೂ ಇಲ್ಲ, ಅರ್ಜಿ ವಾಪಸ್ ತಗೋಬಹುದು, ಕಟ್ಟಿದ ಫೀಸು ಮಾತ್ರ ಬರಲ್ಲ. ಆದ್ರೆ ಗ್ರೀನ್ ಕಾರ್ಡ್ ಇಟ್ಕೊಂಡು ವರ್ಷದಲ್ಲಿ ಹೆಚ್ಚು ಕಾಲ ಇಲ್ಲೇ ಇರ್ತೀನಿ ಅನ್ನೋದು ನಡೆಯಲ್ಲ, ಅದು ಅಲ್ಲಿ ವಾಸ ಮಾಡೋರಿಗೆ ಕೊಟ್ಟ ಕಾರ್ಡು. ಅದನ್ನ ಒಪ್ಪಿಸಿ ಮಗಳನ್ನ ನೋಡೋಕೆ ವಿಸಿಟರ್ ವೀಸಾದಲ್ಲಿ ಹೋಗಿ ಬರೋರೂ ಇದ್ದಾರೆ. ಈ ಮಾತನ್ನ ಅಪ್ಪ, ಅಕ್ಕ, ನೀವು ಮೂರೂ ಜನ ಕೂತು ಬಾಯಿಬಿಟ್ಟು ಆಡಬೇಕು. ಅಕ್ಕನಿಗೆ ಹೇಳದೆ ಒಳಗೇ ಇಟ್ಕೊಂಡು ಹೋಗಿ ಆಫೀಸರ್ ಮುಂದೆ ಕೂತರೆ ಬಾಯಿಪಾಠ ಮಾಡಿದ್ದೂ ಮರೆತುಹೋಗುತ್ತೆ.

ಪೆನ್ಷನ್ ವಿಷಯ, ಸ್ಪರ್ಶ್ ಅನ್ನೋ ಸೇನಾ ಪೆನ್ಷನ್ ವೆಬ್‌ಸೈಟಲ್ಲಿ ವರ್ಷವರ್ಷ ಜೀವನ ಪ್ರಮಾಣಪತ್ರ ಕೊಡ್ತಾ ಇರ್ತಾರೆ ಅಲ್ವಾ, ಪೌರತ್ವ ಬದಲಾಗೋದಾದ್ರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ಪೆನ್ಷನ್ ಕಚೇರಿಗೂ ಬರವಣಿಗೆಯಲ್ಲಿ ಕೊಟ್ಟು ಉತ್ತರಾನೂ ಬರವಣಿಗೆಯಲ್ಲೇ ತಗೊಳ್ಳಿ. ಬಾಯಿ ಮಾತು ನಂಬಬೇಡಿ.

ಪತ್ರಬರಹ_ಮಡಿಕೇರಿ:

ಆಸ್ತಿ ವಿಷಯಕ್ಕೆ ನಾನು ಬರೀತೀನಿ, ದಿನಾ ಇದೇ ಕೆಲಸ. ಮೇಲೆ ಒಬ್ಬರು ಪ್ರಮಾಣಕ್ಕಿಂತ ಮುಂಚೆ ದಾನಪತ್ರ ಮಾಡಿಸಿಕೊಳ್ಳಿ ಅಂದಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಇವನ್ನ ಕ್ರಯಕ್ಕೆ ಇಲ್ಲಾ ದಾನವಾಗಿ ತಗೊಳ್ಳೋ ಹಾಗಿಲ್ಲ ಅನ್ನೋ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಓಸಿಐಗೆ (ಬೇರೆ ದೇಶದ ಪೌರತ್ವ ಇರೋ ಭಾರತ ಮೂಲದ ಕಾರ್ಡುದಾರರಿಗೆ) ಮಾತ್ರ ಅಲ್ಲ, ಭಾರತದ ಪಾಸ್‌ಪೋರ್ಟ್ ಇದ್ದು ಹೊರದೇಶದಲ್ಲಿ ವಾಸ ಮಾಡೋ ಎನ್ಆರ್‌ಐಗೂ ಇದೆ. ನಿಮ್ಮ ತಂದೆ ಗ್ರೀನ್ ಕಾರ್ಡ್ ಮೇಲೆ ಅಲ್ಲಿ ವಾಸ ಇರೋದ್ರಿಂದ ಅವರು ಈಗಾಗಲೇ ಎನ್ಆರ್‌ಐ ಲೆಕ್ಕ. 2020ರಲ್ಲಿ ಭೂಸುಧಾರಣೆ ಕಾಯ್ದೆಯಲ್ಲಿ ಕೃಷಿಕರಲ್ಲದವರು ಜಮೀನು ತಗೊಳ್ಳೋಕೆ ಅಡ್ಡಿ ಇದ್ದ 79ಎ, 79ಬಿ ತೆಗೆದರಲ್ಲ, ಈಗ ಯಾರು ಬೇಕಾದ್ರೂ ತಗೋಬಹುದು ಅಂತ ಜನ ಅಂದ್ಕೊಂಡಿದ್ದಾರೆ, ಅದು ರಾಜ್ಯದ ಕಾನೂನು, ಫೆಮಾ ಕೇಂದ್ರದ್ದು, ಎರಡೂ ಬೇರೆ ಬೇರೆ. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ನೋಂದಣಿ ಆಗಿಬಿಟ್ಟರೂ ಆಮೇಲೆ ಕೇಳೋರು ಬೇರೆ ಇರ್ತಾರೆ.

ದೊಡ್ಡಪ್ಪನಿಗೆ ಕೊಡೋ ಮನಸ್ಸಿದ್ರೆ ಉಯಿಲು ಬರೆಸಲಿ. ಇಲ್ಲಿ ವಾಸ ಇರೋರಿಂದ ವಾರಸಿನ ಮೂಲಕ ಬರೋ ಜಮೀನು ಎನ್ಆರ್‌ಐ ಆದ್ರೂ ಓಸಿಐ ಆದ್ರೂ ತಗೋಬಹುದು, ತೋಟಾನೂ ಸೇರಿ. ಇಲ್ಲಾ ಊರಲ್ಲೇ ಇರೋ ನಿಮ್ಮ ಹೆಸರಿಗೆ ದಾನಪತ್ರ ಮಾಡಬಹುದು, ಅದು ಅವರ ಇಷ್ಟ.

ನಿಮ್ಮ ತಂದೆ ಇಲ್ಲಿ ವಾಸ ಇದ್ದಾಗ ತಗೊಂಡ ತೋಟ ಅವರದ್ದೇ, ಸಿಟಿಜನ್ ಆದ್ರೂ ಇಟ್ಕೊಳ್ಳಬಹುದು. ಮಾರೋದಾದ್ರೆ ಮಾತ್ರ ಇಲ್ಲಿ ವಾಸ ಇರೋ ಭಾರತೀಯ ಪ್ರಜೆಗೇ ಮಾರಬೇಕು. ನನಗೆ ಆತಂಕ ಇರೋದು ತಾತನ ಜಾಗದ್ದು. ಪಹಣಿ ಇನ್ನೂ ಸತ್ತವರ ಹೆಸರಲ್ಲಿದೆ ಅಂದ್ರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ. ಈಗ ನಿಮ್ಮ ತಂದೆ, ದೊಡ್ಡಪ್ಪ ಇಬ್ಬರೂ ಊರಲ್ಲಿದ್ದಾರೆ, ಇಬ್ಬರ ಸಹಿ ಆಧಾರ್ ಎಲ್ಲ ಕೈಗೆ ಸಿಗುತ್ತೆ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಖಾತೆ ಆದ ಮೇಲೆ ವಿಭಾಗ ಪತ್ರ, ಪೋಡಿ (ಪಾಲಿನ ಜಾಗ ಅಳೆದು ಬೇರೆ ಮಾಡೋದು). ಇದನ್ನ ಮುಂದಿನ ವರ್ಷಕ್ಕೆ ಅಂತ ಬಿಟ್ಟು ಆಮೇಲೆ ಹೊರದೇಶದಿಂದ ಕಾನ್ಸುಲೇಟಲ್ಲಿ ಸಹಿ ಮಾಡಿಸಿ ಜಿಪಿಎ (ಪರವಾಗಿ ಕೆಲಸ ಮಾಡೋ ಅಧಿಕಾರ ಪತ್ರ) ಕಳಿಸಿ ಓಡಾಡೋದು ಎಷ್ಟು ಕಷ್ಟ ಅಂತ ನಾನು ದಿನಾ ನೋಡ್ತೀನಿ. ಇನ್ನೊಂದು, ಹೆಸರು ನೋಡಿ. ಪಹಣಿಯಲ್ಲಿ ಇನಿಶಿಯಲ್ ಜೊತೆ ಒಂದು ಥರ, ಡಿಸ್ಚಾರ್ಜ್ ಬುಕ್ಕಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಇನಿಶಿಯಲ್ ಬಿಡಿಸಿ ಉದ್ದಕ್ಕೆ ಇನ್ನೊಂದು ಥರ ಇರುತ್ತೆ, ಆರ್ಮಿಯವರ ಮನೆಗಳಲ್ಲಿ ಇದು ಮಾಮೂಲು. ನಾಳೆ ಅಮೆರಿಕದ ಸರ್ಟಿಫಿಕೇಟ್‌ನಲ್ಲಿ ಬರೋ ಹೆಸರಿಗೂ ಪಹಣಿಗೂ ತಾಳೆ ಆಗಬೇಕು, ಈಗಲೇ ಈ ಹೆಸರುಗಳೆಲ್ಲ ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿಡಿ.

ಮರಗೋಡು_ಲೆಕ್ಕ:

ಯಾರೂ ಟ್ಯಾಕ್ಸ್ ಬಗ್ಗೆ ಹೇಳಿಲ್ಲ ಅಂತ ಬರೀತಿದ್ದೀನಿ. ಕಾಫಿ ಹಣ್ಣು ಮಾರಿದ ದುಡ್ಡು ಇಲ್ಲಿ ಕೃಷಿ ಆದಾಯ, ಇನ್‌ಕಂ ಟ್ಯಾಕ್ಸ್ ಇಲ್ಲ, ಹಾಗಾಗಿ ನಮ್ಮವರು ಅದನ್ನ ಎಲ್ಲೂ ತೋರಿಸಲ್ಲ. ಆದ್ರೆ ಗ್ರೀನ್ ಕಾರ್ಡ್ ಇದ್ದವರು ಪ್ರಪಂಚದಲ್ಲಿ ಎಲ್ಲಿ ದುಡಿದ ಆದಾಯ ಆದ್ರೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿಯ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ರೆ ಎಫ್‌ಬಾರ್ ಅಂತ ಬೇರೆ ವರದಿ ಕೊಡಬೇಕು, ಒಳ್ಳೇ ರೇಟ್ ಬಂದ ವರ್ಷ ಕೊಯ್ಲಿನ ದುಡ್ಡು ಖಾತೆಗೆ ಬಿದ್ದಾಗ ದಾಟಿಯೇ ದಾಟುತ್ತೆ. ಎನ್-400ನಲ್ಲಿ ಟ್ಯಾಕ್ಸ್ ಬಾಕಿ ಇದೆಯಾ, ರಿಟರ್ನ್ ಹಾಕದೇ ಬಿಟ್ಟಿದ್ದೀರಾ ಅಂತ ಕೇಳ್ತಾರೆ. ಅಕ್ಕನಿಗೆ ಹೇಳಿ ಇಂಟರ್‌ವ್ಯೂಗೆ ಮುಂಚೆ ಅಲ್ಲಿಯ ಸಿಪಿಎ (ಲೆಕ್ಕಪರಿಶೋಧಕರು) ಒಬ್ಬರಿಗೆ ತೋಟದ ಆದಾಯ, ಪೆನ್ಷನ್, ಖಾತೆ ಎಲ್ಲ ತೋರಿಸಿ, ಬಿಟ್ಟುಹೋಗಿದ್ರೆ ಸರಿಪಡಿಸಿ ಹಾಕೋಕೆ ದಾರಿ ಇದೆ.

ಮಲ್ಲಳ್ಳಿ_ಮಳೆ:

ಎಲ್ಲರಿಗೂ ಕೈ ಮುಗೀತೀನಿ. ಫೌಜಿ ಅಂಕಲ್, ನೀವು ಬರೆದಿದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಇನ್ನೊಂದ್ಸಲ ಓದು ಅಂದ್ರು. ಅವತ್ತೇ ರಾತ್ರಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಅವರಾಗೇ ಎಲ್ಲ ಹೇಳಿದ್ರು, ಅಕ್ಕನೂ ಅತ್ತಳು, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ್ಲು. ಅಮ್ಮನ ಮಂಡಿ ಆಪರೇಷನ್ ಅಲ್ಲೇ ಆಗಿದೆ, ಫಾಲೋಅಪ್ ಎಲ್ಲ ಅಲ್ಲೇ, ಅಮ್ಮನ್ನ ಬಿಟ್ಟು ನಾನು ಎಲ್ಲಿರಲಿ ಅಂದ್ರು ಅಪ್ಪ. ಇಂಟರ್‌ವ್ಯೂಗೆ ಹೋಗೋದು ಅಂತ ಆಗಿದೆ. ಪಾಸ್ ಆದ ಮೇಲೆ ಪ್ರಮಾಣಕ್ಕೆ ಹೇಗೂ ಒಂದೆರಡು ತಿಂಗಳು ಆಗುತ್ತಲ್ಲ, ಆ ನಡುವೆ ಒಂದ್ಸಲ ಬಂದು ಪೌತಿ ಖಾತೆ ಮುಗಿಸ್ತೀನಿ ಅಂತಿದ್ದಾರೆ. ಅದು ಆಗುತ್ತಾ?

ಕುಶಾಲನಗರ_ಕಾವೇರಿ:

ಆ ಲೆಕ್ಕ ಇಟ್ಕೋಬೇಡಿ ತಂಗಿ. ಕೆಲವು ಕಡೆ ಇಂಟರ್‌ವ್ಯೂ ಪಾಸಾದ ದಿನವೇ ಪ್ರಮಾಣನೂ ಮಾಡಿಸಿಬಿಡ್ತಾರೆ, ಬೆಳಗ್ಗೆ ಇಂಟರ್‌ವ್ಯೂ ಮಧ್ಯಾಹ್ನ ಸಿಟಿಜನ್. ಪ್ರಮಾಣದ ದಿನ ಗ್ರೀನ್ ಕಾರ್ಡ್ ವಾಪಸ್ ತಗೊಂಡು ಸರ್ಟಿಫಿಕೇಟ್ ಕೊಡ್ತಾರೆ, ಆ ಕ್ಷಣದಿಂದ ಭಾರತದ ಪಾಸ್‌ಪೋರ್ಟ್ ಮೇಲೆ ಪ್ರಯಾಣ ಮಾಡೋ ಹಾಗಿಲ್ಲ, ಮಾಡಿದ್ರೆ ದಂಡ. ನಮ್ಮಲ್ಲಿ ಎರಡು ಪೌರತ್ವ ಇಲ್ಲ, 1955ರ ಪೌರತ್ವ ಕಾಯ್ದೆ ಪ್ರಕಾರ ಬೇರೆ ದೇಶದ್ದು ತಗೊಂಡ ತಕ್ಷಣ ಇಲ್ಲಿಯದು ತಾನಾಗೇ ಹೋಗುತ್ತೆ. ಆಮೇಲೆ ಊರಿಗೆ ಬರಬೇಕು ಅಂದ್ರೆ ಮೊದಲು ಅಮೆರಿಕದ ಪಾಸ್‌ಪೋರ್ಟ್ ಮಾಡಿಸಬೇಕು, ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತಗೋಬೇಕು, ಅದು ಕೈಗೆ ಬಂದ ಮೇಲೆ ಓಸಿಐಗೆ ಅರ್ಜಿ. ಮಾರ್ಚ್‌ನಲ್ಲಿ ಶುರು ಮಾಡಿದ್ರೆ ಮುಂದಿನ ಕೊಯ್ಲಿಗೆ ಓಸಿಐ ಹಿಡ್ಕೊಂಡು ಬರಬಹುದು, ಅದರಲ್ಲಿ ಎಷ್ಟು ದಿನ ಬೇಕಾದ್ರೂ ಇರಬಹುದು. ಓಟು ಮಾತ್ರ ಹಾಕೋ ಹಾಗಿಲ್ಲ, ಫಾರಂ 7 ಕೊಟ್ಟು ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ.

ಹಾಗಾಗಿ ನಾಡಕಚೇರಿ ಕೆಲಸ ಈ ವಾರವೇ ಶುರು ಮಾಡಿ. ಕೊಯ್ಲನ್ನ ನೀವು ನೋಡ್ಕೊಳ್ಳಿ, ಅಪ್ಪನ್ನ ಫೈಲ್ ಹಿಂದೆ ಕಳಿಸಿ.

ಮಲ್ಲಳ್ಳಿ_ಮಳೆ:

ಸೋಮವಾರ ದೊಡ್ಡಪ್ಪನ್ನೂ ಕರ್ಕೊಂಡು ನಾಡಕಚೇರಿಗೆ ಹೋಗ್ತಿದ್ದಾರೆ, ತಾತನ ಮರಣ ಪ್ರಮಾಣಪತ್ರ ಟ್ರಂಕಲ್ಲಿ ಸಿಕ್ಕಿತು. ಫೆಬ್ರವರಿ 24ಕ್ಕೆ ಬೆಂಗಳೂರಿಂದ ಟಿಕೆಟ್ ಆಗಿದೆ. ಸ್ಟೈಲಸ್ ಆರ್ಡರ್ ಮಾಡಿದೆ. ಪತ್ರಬರಹ ಸರ್, ಪಹಣಿಯಲ್ಲಿ ಅಪ್ಪನ ಹೆಸರಿಗೆ ಊರಿನ ಇನಿಶಿಯಲ್ ಇದೆ, ಪಾಸ್‌ಪೋರ್ಟಲ್ಲಿ ತಾತನ ಹೆಸರು ಸರ್‌ನೇಮ್ ಆಗಿದೆ, ಅಫಿಡವಿಟ್‌ಗೆ ಡಿಸ್ಚಾರ್ಜ್ ಬುಕ್ ಜೆರಾಕ್ಸ್ ಸಾಕಾ, ಇಲ್ಲಾ ಒರಿಜಿನಲ್ ತರಬೇಕಾ?

ಪತ್ರಬರಹ_ಮಡಿಕೇರಿ:

ಒರಿಜಿನಲ್ ತಂದು ನೋಟರಿಗೆ ತೋರಿಸಿ, ಜೆರಾಕ್ಸ್ ಜೊತೆಗೆ ಲಗತ್ತಿಸ್ತಾರೆ. ಪಾಸ್‌ಪೋರ್ಟ್, ಆಧಾರ್, ಪಹಣಿ ಮೂರೂ ತನ್ನಿ, ಮೂರರಲ್ಲೂ ಹೆಸರು ಹೇಗಿದೆಯೋ ಹಾಗೇ ಅಕ್ಷರ ಬಿಡದೆ ಅಫಿಡವಿಟ್‌ನಲ್ಲಿ ಬರೆಸಿ. ಎರಡು ಪ್ರತಿ ಮಾಡಿಸಿ, ಒಂದು ಇಲ್ಲಿಯ ಫೈಲಿಗೆ, ಒಂದು ಅಪ್ಪನ ಜೊತೆ ಅಮೆರಿಕಕ್ಕೆ ಹೋಗಲಿ, ಓಸಿಐ ಅರ್ಜಿ ಹಾಕುವಾಗ ಬೇಕಾಗಬಹುದು.